ಪರಿಚಿತರೇ ನಿಮ್ಮ ಕಾರಿಗೆ ಹಾನಿ ಮಾಡಿದಾಗ: ಯಾವ ಕಚೇರಿಗೆ, ಯಾವ ಕ್ರಮದಲ್ಲಿ ಹೋಗಬೇಕು

ಕಾರಿನ ಬಾಗಿಲಿಗೆ ಕೀಲಿಯಿಂದ ಗೀರು ಹಾಕಿದವರು ಯಾರೆಂದು ತಿಳಿಯದಿದ್ದರೆ ಮಾಡಬೇಕಾದ ಕೆಲಸ ಸರಳವಾಗಿರುತ್ತದೆ. ಠಾಣೆಯಲ್ಲಿ ದೂರು ಕೊಟ್ಟು, ವಿಮಾ ಕಂಪನಿಗೆ ತಿಳಿಸಿ, ದುರಸ್ತಿ ಮಾಡಿಸಿಕೊಂಡರೆ ಅಲ್ಲಿಗೆ ಮುಗಿಯಿತು. ಗೀರು ಹಾಕಿದವರು ಪಕ್ಕದ ಮನೆಯವರು, ದಾಯಾದಿ, ಬಾಡಿಗೆದಾರ, ಸಹೋದ್ಯೋಗಿ ಅಥವಾ ಬೇರೆಯಾದ ಗಂಡ ಎಂದು ಗೊತ್ತಿದ್ದಾಗ ಮಾತ್ರ ವಿಷಯ ಜಟಿಲವಾಗುತ್ತದೆ. ಅವರ ಹೆಸರು ನಿಮಗೆ ಗೊತ್ತಿದೆ, ಆದರೆ ಗೊತ್ತಿರುವುದಕ್ಕೂ ಸಾಬೀತು ಮಾಡುವುದಕ್ಕೂ ನಡುವೆ ಬಹಳ ಅಂತರವಿದೆ. ನಾಳೆ ಬೆಳಿಗ್ಗೆ ಅದೇ ಮೆಟ್ಟಿಲಲ್ಲಿ ಅವರ ಮುಖವನ್ನೇ ನೋಡಬೇಕಾಗಿರುತ್ತದೆ ಎಂಬುದೂ ಸುಳ್ಳಲ್ಲ.

ಆದುದರಿಂದ ಠಾಣೆಗೆ ಹೊರಡುವ ಮೊದಲು ನಿಮಗೆ ನಿಜವಾಗಿ ಬೇಕಾಗಿರುವುದೇನು ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ದುರಸ್ತಿಯ ಹಣ ಬೇಕೆಂದರೆ ವಿಮೆ, ಲೋಕ ಅದಾಲತ್ ಮತ್ತು ಸಿವಿಲ್ ನ್ಯಾಯಾಲಯದ ದಾರಿಗಳಿವೆ. ಕಾಟ ನಿಲ್ಲಬೇಕೆಂದರೆ ಶಾಂತಿಪಾಲನೆಯ ಮುಚ್ಚಳಿಕೆ ಮತ್ತು ನಿರ್ಬಂಧಕಾಜ್ಞೆಗಳಿವೆ. ಶಿಕ್ಷೆಯೇ ಆಗಬೇಕೆಂದರೆ ಮಾತ್ರ ಕ್ರಿಮಿನಲ್ ಪ್ರಕರಣವನ್ನು ಕೊನೆಯವರೆಗೆ ನಡೆಸುವ ತಾಳ್ಮೆ ಬೇಕು. ಮೂರನ್ನೂ ಒಂದೇ ದೂರಿನಿಂದ ಪಡೆಯಬಹುದೆಂಬ ನಿರೀಕ್ಷೆಯಿಂದ ಠಾಣೆಗೆ ಹೋದವರು ಸಾಮಾನ್ಯವಾಗಿ ನಿರಾಶೆಯಿಂದ ಮರಳುತ್ತಾರೆ. ಕೆಳಗಿನ ವಿವರಣೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕ್ರಿಮಿನಲ್ ಕಾನೂನುಗಳನ್ನು ಆಧರಿಸಿದೆ. ಆ ದಿನಕ್ಕಿಂತ ಹಿಂದೆ ನಡೆದ ಕೃತ್ಯಗಳಿಗೆ ಹಳೆಯ ಭಾರತೀಯ ದಂಡ ಸಂಹಿತೆಯ ಕಲಂಗಳೇ ಅನ್ವಯಿಸುತ್ತವೆ.

ಮೊದಲ ಕೆಲಸ: ಕಾರನ್ನು ಮುಟ್ಟದೆ ದಾಖಲಿಸುವುದು

ಗೀರನ್ನು ಒರೆಸಬೇಡಿ, ಒಡೆದ ಗಾಜನ್ನು ಗುಡಿಸಬೇಡಿ, ಗಾಳಿಯಿಲ್ಲದ ಟೈರನ್ನು ಆ ಕೂಡಲೇ ಪಂಕ್ಚರ್ ಅಂಗಡಿಗೆ ಒಯ್ಯಬೇಡಿ. ಮೊದಲು ಕಾರು ನಿಂತ ಸ್ಥಳ, ನಂಬರ್ ಪ್ಲೇಟ್ ಮತ್ತು ಸುತ್ತಲಿನ ಗುರುತುಗಳು ಒಟ್ಟಿಗೆ ಕಾಣುವಂತೆ ದೂರದಿಂದ ಕೆಲವು ಚಿತ್ರಗಳನ್ನು ತೆಗೆಯಿರಿ. ಬಳಿಕ ಹಾನಿಯಾದ ಪ್ರತಿಯೊಂದು ಭಾಗವನ್ನು ಹತ್ತಿರದಿಂದ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ತೆಗೆಯಿರಿ. ಕಲ್ಲು, ಕಬ್ಬಿಣದ ಸರಳು, ಬಣ್ಣದ ಡಬ್ಬಿ ಇತ್ಯಾದಿ ಬಿದ್ದಿದ್ದರೆ ಪೊಲೀಸರು ಬಂದು ಮಹಜರು ಮಾಡುವವರೆಗೆ ಅದನ್ನು ಕೈಯಿಂದ ಮುಟ್ಟದೆ ಬಿಡುವುದು ಒಳ್ಳೆಯದು.

ಸಿಸಿಟಿವಿ ದೃಶ್ಯಗಳ ವಿಷಯದಲ್ಲಿ ವಿಳಂಬ ಮಾಡಿದರೆ ಪ್ರಕರಣವೇ ಕೈತಪ್ಪುತ್ತದೆ. ಬಹುತೇಕ ಯಂತ್ರಗಳು ಹಳೆಯ ದೃಶ್ಯದ ಮೇಲೆಯೇ ಹೊಸದನ್ನು ಬರೆಯುತ್ತ ಹೋಗುತ್ತವೆ. ಅಪಾರ್ಟ್‌ಮೆಂಟ್ ಸಂಘ, ಎದುರಿನ ಅಂಗಡಿ, ಕಚೇರಿಯ ಭದ್ರತಾ ವಿಭಾಗ, ಯಾರ ಬಳಿ ಕ್ಯಾಮೆರಾ ಇದ್ದರೂ ಅದೇ ದಿನ ಪತ್ರ ಅಥವಾ ಇಮೇಲ್ ಮೂಲಕ, ಇಂತಹ ದಿನ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗಿನ ದೃಶ್ಯವನ್ನು ಅಳಿಸದೆ ಉಳಿಸಿಡಬೇಕೆಂದು ಕೋರಿ. ಅವರು ನಿಮಗೆ ಪ್ರತಿ ಕೊಡಲು ಒಪ್ಪದಿದ್ದರೂ ಅಡ್ಡಿಯಿಲ್ಲ, ಏಕೆಂದರೆ ಅದನ್ನು ಪೊಲೀಸರು ವಶಪಡಿಸಿಕೊಳ್ಳಬಹುದು, ನ್ಯಾಯಾಲಯ ತರಿಸಿಕೊಳ್ಳಬಹುದು. ಉಳಿಸಿಡುವಂತೆ ನೀವು ಕೇಳಿದ್ದಕ್ಕೆ ಮಾತ್ರ ಲಿಖಿತ ಪುರಾವೆ ಇರಬೇಕು. ಪ್ರತಿ ಸಿಕ್ಕರೆ ಅದನ್ನು ವಾಟ್ಸ್ಆ್ಯಪ್‌ನಲ್ಲಿ ತರಿಸಿಕೊಳ್ಳದೆ ಪೆನ್‌ಡ್ರೈವ್‌ಗೆ ನೇರವಾಗಿ ಹಾಕಿಸಿಕೊಳ್ಳಿ. ವಾಟ್ಸ್ಆ್ಯಪ್ ಮೂಲಕ ಬಂದ ವಿಡಿಯೊ ಕುಗ್ಗಿರುತ್ತದೆ, ಅದರಲ್ಲಿ ಮುಖದ ಗುರುತೂ ಮಸುಕಾಗುತ್ತದೆ.

ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಪ್ರಮಾಣಪತ್ರ ಬೇಕು. ಹಿಂದೆ ವಕೀಲರು '65-ಬಿ ಸರ್ಟಿಫಿಕೇಟ್' ಎನ್ನುತ್ತಿದ್ದುದು ಇದೇ. ಈಗ ಅದರಲ್ಲಿ ಎರಡು ಭಾಗಗಳಿವೆ. ಮೊದಲನೆಯದಕ್ಕೆ ದಾಖಲೆ ಹಾಜರುಪಡಿಸುವವರು ಸಹಿ ಮಾಡಬೇಕು, ಎರಡನೆಯದಕ್ಕೆ ತಜ್ಞರು ಸಹಿ ಮಾಡಬೇಕು, ಕಡತದ ಹ್ಯಾಶ್ ಮೌಲ್ಯವನ್ನೂ (ಕಡತ ಬದಲಾಗಿಲ್ಲವೆಂದು ತೋರಿಸುವ ಗುರುತು ಸಂಖ್ಯೆ) ನಮೂದಿಸಬೇಕು. ಇದನ್ನು ನೀವೇ ಮೊದಲ ದಿನ ಮಾಡಬೇಕಿಲ್ಲ. ಆದರೆ ಮೂಲ ಕಡತವನ್ನು ಕತ್ತರಿಸದೆ, ಹೆಸರು ಬದಲಿಸದೆ, ಎಡಿಟ್ ಮಾಡದೆ ಇಟ್ಟುಕೊಳ್ಳುವುದು ನಿಮ್ಮ ಹೊಣೆ.

ಪರಿಚಿತರ ಪ್ರಕರಣಗಳಲ್ಲಿ ಕ್ಯಾಮೆರಾಕ್ಕಿಂತ ಹೆಚ್ಚಾಗಿ ಸಹಾಯಕ್ಕೆ ಬರುವುದು ಹಿಂದಿನ ಮಾತುಕತೆಯ ದಾಖಲೆ. 'ಇನ್ನೊಂದು ಸಲ ಇಲ್ಲಿ ನಿಲ್ಲಿಸಿದರೆ ಟೈರ್ ಇರುವುದಿಲ್ಲ' ಎಂಬ ಸಂದೇಶ, ಸಂಘದ ಗುಂಪಿನಲ್ಲಿ ನಡೆದ ವಾಗ್ವಾದ, ಕಾವಲುಗಾರ ಕೇಳಿಸಿಕೊಂಡ ಬೆದರಿಕೆ ಇವೆಲ್ಲ ಉದ್ದೇಶವನ್ನು ತೋರಿಸುತ್ತವೆ. ಆ ಸಂಭಾಷಣೆಯನ್ನು ಸ್ಕ್ರೀನ್‌ಶಾಟ್ ತೆಗೆದು ಅಳಿಸಿಬಿಡಬೇಡಿ. ಫೋನಿನಲ್ಲಿಯೇ ಮೂಲ ರೂಪದಲ್ಲಿ ಉಳಿಸಿ, ಸಂದೇಶಗಳು ತಾವಾಗಿಯೇ ಮಾಯವಾಗುವ ವ್ಯವಸ್ಥೆ ಚಾಲೂ ಇದ್ದರೆ ಕೂಡಲೇ ನಿಲ್ಲಿಸಿ.

ಎರಡನೆಯ ಕೆಲಸ: ನಷ್ಟದ ಮೊತ್ತವನ್ನು ಕಾಗದದ ಮೇಲೆ ತರುವುದು

ಹೆಚ್ಚಿನವರು ದೂರು ಕೊಟ್ಟ ಮೇಲೆ ಗ್ಯಾರೇಜಿಗೆ ಹೋಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ಸಾಧ್ಯವಾದಷ್ಟು ಮಟ್ಟಿಗೆ ಈ ಕ್ರಮ ತಿರುವುಮುರುವಾಗಬೇಕು, ಏಕೆಂದರೆ ಈಗಿನ ಕಾನೂನಿನಲ್ಲಿ ಇಡೀ ಪ್ರಕರಣದ ದಾರಿಯನ್ನು ನಷ್ಟದ ಮೊತ್ತವೇ ನಿರ್ಧರಿಸುತ್ತದೆ.

ಬೇರೆಯವರಿಗೆ ನಷ್ಟವಾಗಬೇಕೆಂಬ ಉದ್ದೇಶದಿಂದ, ಅಥವಾ ಆಗುವ ಸಂಭವವಿದೆ ಎಂದು ತಿಳಿದೂ, ಸ್ವತ್ತನ್ನು ನಾಶ ಮಾಡುವುದು ಅಥವಾ ಅದರ ಬೆಲೆಯನ್ನು ಇಲ್ಲವೇ ಉಪಯುಕ್ತತೆಯನ್ನು ಕುಗ್ಗಿಸುವುದು ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಮಿನಡಿ 'ಕೇಡು' ಎಂಬ ಅಪರಾಧ. ಠಾಣೆಯಲ್ಲಿ ಇದನ್ನು 'ಮಿಸ್‌ಚೀಫ್' ಎಂದೇ ಕರೆಯುತ್ತಾರೆ. ಸಾಮಾನ್ಯ ಸ್ವರೂಪದ ಕೇಡಿಗೆ 6 ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡೂ ಆಗಬಹುದು. ನಷ್ಟ 20,000 ರೂಪಾಯಿ ಮುಟ್ಟಿ 1 ಲಕ್ಷಕ್ಕಿಂತ ಕಡಿಮೆ ಇದ್ದರೆ ಸೆರೆವಾಸದ ಮಿತಿ 2 ವರ್ಷ. 1 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾದರೆ 5 ವರ್ಷ. ಹಳೆಯ ದಂಡ ಸಂಹಿತೆಯಲ್ಲಿ 50 ರೂಪಾಯಿ ನಷ್ಟವಾದರೂ 427ನೇ ಕಲಮಿನಡಿ 2 ವರ್ಷದ ಶಿಕ್ಷೆಗೆ ಅವಕಾಶವಿತ್ತು ಎಂಬುದನ್ನು ನೆನೆದರೆ, ಬದಲಾವಣೆ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಬೆಂಕಿ ಅಥವಾ ಸ್ಫೋಟಕ ಬಳಸಿದ್ದರೆ ಅದು 326ನೇ ಕಲಮಿನ ವ್ಯಾಪ್ತಿಗೆ ಬರುತ್ತದೆ. ಅಲ್ಲಿ 7 ವರ್ಷದವರೆಗೆ ಸೆರೆವಾಸ ವಿಧಿಸಬಹುದು.

ಈ ವಿಂಗಡಣೆಯ ಪರಿಣಾಮ ಶಿಕ್ಷೆಗಷ್ಟೇ ಸೀಮಿತವಲ್ಲ. ನಷ್ಟ 1 ಲಕ್ಷಕ್ಕಿಂತ ಕಡಿಮೆಯಿದ್ದರೆ ಅಪರಾಧ ಅಸಂಜ್ಞೇಯ, ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. 1 ಲಕ್ಷ ಮುಟ್ಟಿದರೆ ಅದು ಸಂಜ್ಞೇಯ, ಎಫ್‌ಐಆರ್ ದಾಖಲಿಸಿ ನೇರವಾಗಿ ತನಿಖೆ ಆರಂಭಿಸಬಹುದು. ಎರಡೂ ಜಾಮೀನು ಸಿಗುವ ಅಪರಾಧಗಳೇ ಆದುದರಿಂದ, ದೂರು ಕೊಟ್ಟ ಸಂಜೆಯೇ ಎದುರಾಳಿ ಜೈಲಿನಲ್ಲಿರುತ್ತಾನೆಂಬ ಕಲ್ಪನೆ ಬೇಡ.

ಎಸ್ಟಿಮೇಟನ್ನು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಿಂದ, ಜಿಎಸ್‌ಟಿ ಸಂಖ್ಯೆಯಿರುವ ಲೆಟರ್‌ಹೆಡ್‌ನಲ್ಲಿ, ಟಿಂಕರಿಂಗ್, ಪೇಂಟಿಂಗ್, ಬಿಡಿಭಾಗ ಮತ್ತು ಕೂಲಿಯನ್ನು ಬೇರೆಬೇರೆಯಾಗಿ ತೋರಿಸಿ ಪಡೆಯಿರಿ. ಇನ್ನೊಂದು ಗ್ಯಾರೇಜಿನ ಎಸ್ಟಿಮೇಟೂ ಇದ್ದರೆ ಉತ್ತಮ. 1 ಲಕ್ಷದ ಗೆರೆ ದಾಟಿಸಬೇಕೆಂದು ಹಳೆಯ ಗೀರುಗಳನ್ನೆಲ್ಲ ಸೇರಿಸಿ ಮೊತ್ತ ಉಬ್ಬಿಸುವ ಆಸೆ ಬರುವುದು ಸಹಜ. ಗ್ಯಾರೇಜಿನ ಮೇಲ್ವಿಚಾರಕ ಒಂದು ದಿನ ಸಾಕ್ಷಿಕಟ್ಟೆಯಲ್ಲಿ ನಿಂತು ಪ್ರತಿ ಸಾಲಿಗೂ ಉತ್ತರ ಹೇಳಬೇಕಾಗುತ್ತದೆ ಎಂಬುದು ಮನಸ್ಸಿನಲ್ಲಿರಲಿ. ಅಲ್ಲಿ ಒಂದು ಸುಳ್ಳು ಹೊರಬಂದರೆ ಉಳಿದ ಸತ್ಯವೂ ಅದರೊಂದಿಗೆ ಹೋಗುತ್ತದೆ.

ಮೂರನೆಯ ಕೆಲಸ: ವಿಮಾ ಕಂಪನಿಗೆ ತಿಳಿಸುವುದು

ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ನಿಮ್ಮ ಕಾರಿನ ಹಾನಿಗೆ ಏನೂ ಸಿಗುವುದಿಲ್ಲ. ಸಮಗ್ರ ವಿಮೆ ಅಥವಾ ಸ್ವಂತ ಹಾನಿಯ ಪಾಲಿಸಿ ಇದ್ದರೆ ದುರುದ್ದೇಶದ ಕೃತ್ಯಗಳಿಂದಾದ ಹಾನಿ ಅದರಲ್ಲಿ ಸೇರಿರುತ್ತದೆ. ಮಾಡಿದವರು ಪರಿಚಿತರು ಎಂಬ ಒಂದೇ ಕಾರಣಕ್ಕೆ ಕ್ಲೇಮ್ ಬಿದ್ದುಹೋಗುವುದಿಲ್ಲ.

ಪಾಲಿಸಿಯ ಸಾಮಾನ್ಯ ಷರತ್ತಿನಲ್ಲಿ, ಅಪರಾಧ ಕೃತ್ಯದಿಂದ ಹಾನಿಯಾದಾಗ ಕೂಡಲೇ ಪೊಲೀಸರಿಗೆ ತಿಳಿಸಬೇಕು ಮತ್ತು ಅಪರಾಧಿಗೆ ಶಿಕ್ಷೆಯಾಗಲು ಕಂಪನಿಯೊಂದಿಗೆ ಸಹಕರಿಸಬೇಕು ಎಂದಿರುತ್ತದೆ. ಇಲ್ಲಿಯೇ ಪರಿಚಿತರ ಪ್ರಕರಣಗಳು ಎಡವುತ್ತವೆ. ಸಂಬಂಧ ಕೆಡದಿರಲೆಂದು ಕ್ಲೇಮ್ ಅರ್ಜಿಯಲ್ಲಿ 'ಅಪರಿಚಿತರು' ಎಂದು ಬರೆದು, ಮುಂದೆ ಜಗಳ ಹೆಚ್ಚಾದಾಗ ಠಾಣೆಯಲ್ಲಿ ಹೆಸರು ಹೇಳಿದರೆ, ಎರಡು ಹೇಳಿಕೆಗಳ ನಡುವಿನ ವಿರೋಧವನ್ನು ಕಂಪನಿಯೂ ಪ್ರಶ್ನಿಸುತ್ತದೆ, ಎದುರಾಳಿಯ ವಕೀಲರೂ ಪ್ರಶ್ನಿಸುತ್ತಾರೆ. ಎರಡೂ ಕಡೆ ಒಂದೇ ಮಾತಿರಬೇಕು. ಖಚಿತವಿಲ್ಲದಿದ್ದರೆ 'ಇಂತಹವರ ಮೇಲೆ ಅನುಮಾನವಿದೆ' ಎಂದು ಎರಡೂ ಕಡೆ ಬರೆಯಿರಿ.

ಕೈಗೆ ಬರುವ ಹಣ ಬಿಲ್ಲಿನಷ್ಟೇ ಇರುವುದಿಲ್ಲ. ಖಾಸಗಿ ಕಾರಿನ ಎಂಜಿನ್ 1500 ಸಿಸಿವರೆಗೆ ಇದ್ದರೆ 1,000 ರೂಪಾಯಿ, ಅದಕ್ಕಿಂತ ದೊಡ್ಡದಾದರೆ 2,000 ರೂಪಾಯಿ ಕಡ್ಡಾಯ ಕಡಿತವಿದೆ. ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಶೇ 50 ಸವಕಳಿ ಕಳೆಯುತ್ತಾರೆ, ಬಣ್ಣದ ಸಾಮಗ್ರಿಗೂ ಶೇ 50 ಕಳೆಯುತ್ತಾರೆ, ಗಾಜಿಗೆ ಸವಕಳಿ ಇಲ್ಲ. ಸವಕಳಿರಹಿತ ಆ್ಯಡ್-ಆನ್ ಇದ್ದರೆ ಇದು ಬದಲಾಗುತ್ತದೆ. ಟೈರ್ ವಿಷಯ ವಿಶೇಷ: ಸಾಮಾನ್ಯ ಪಾಲಿಸಿಯಲ್ಲಿ ಕಾರಿನ ಬೇರೆ ಭಾಗಕ್ಕೂ ಅದೇ ಸಮಯದಲ್ಲಿ ಹಾನಿಯಾಗಿದ್ದರೆ ಮಾತ್ರ ಟೈರಿನ ಅರ್ಧ ಬೆಲೆ ಸಿಗುತ್ತದೆ. ನಾಲ್ಕೂ ಟೈರ್‌ಗಳನ್ನು ಚಾಕುವಿನಿಂದ ಸೀಳಿ ಉಳಿದದ್ದನ್ನೆಲ್ಲ ಮುಟ್ಟದೆ ಬಿಟ್ಟ ದಾಯಾದಿ, ತಿಳಿದೋ ತಿಳಿಯದೆಯೋ, ವಿಮೆ ಕೊಡದ ಜಾಗಕ್ಕೇ ಕೈ ಹಾಕಿದ್ದಾನೆ. ಸಣ್ಣ ಕ್ಲೇಮಿನಿಂದ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಕಳೆದುಕೊಳ್ಳುವುದು ಲಾಭವೇ ಎಂಬ ಲೆಕ್ಕವನ್ನೂ ಹಾಕಿ. ಆ ರಿಯಾಯಿತಿ ಶೇ 20ರಿಂದ ಶೇ 50ರವರೆಗೆ ಇರುತ್ತದೆ. 8,000 ರೂಪಾಯಿಯ ಗೀರಿಗಾಗಿ ಶೇ 50ರ ಬೋನಸ್ ಬಿಡುವುದು ಬಹುಪಾಲು ನಷ್ಟದ ವ್ಯವಹಾರ.

ಕ್ಲೇಮ್ ಪಡೆದ ಮೇಲೆ, ಹಾನಿ ಮಾಡಿದವರಿಂದ ವಸೂಲು ಮಾಡುವ ಹಕ್ಕು ಕಂಪನಿ ಕೊಟ್ಟ ಮೊತ್ತದ ಮಟ್ಟಿಗೆ ಕಂಪನಿಗೆ ಸೇರುತ್ತದೆ. ಆದುದರಿಂದ ಕಂಪನಿಗೆ ತಿಳಿಸದೆ ಎದುರಾಳಿಯೊಂದಿಗೆ 'ಇನ್ನು ಯಾವ ತಕರಾರೂ ಇಲ್ಲ' ಎಂಬ ಪತ್ರಕ್ಕೆ ಸಹಿ ಹಾಕಬೇಡಿ. ಕಡಿತವಾದ ಹಣ, ಸವಕಳಿ, ಕಾರು ಗ್ಯಾರೇಜಿನಲ್ಲಿದ್ದಾಗಿನ ಟ್ಯಾಕ್ಸಿ ಖರ್ಚು ಇವನ್ನು ಮಾತ್ರ ನೀವು ಪ್ರತ್ಯೇಕವಾಗಿ ಕೇಳಬಹುದು. ಒಂದೇ ನಷ್ಟಕ್ಕೆ ಎರಡು ಸಲ ಹಣ ಸಿಗುವುದಿಲ್ಲ.

ನಾಲ್ಕನೆಯ ಕೆಲಸ: ಠಾಣೆಯಲ್ಲಿ ದೂರು

ತುರ್ತು ಇದ್ದರೆ, ಅಂದರೆ ಆ ವ್ಯಕ್ತಿ ಇನ್ನೂ ಅಲ್ಲಿಯೇ ನಿಂತು ಗಲಾಟೆ ಮಾಡುತ್ತಿದ್ದರೆ, 112ಕ್ಕೆ ಕರೆ ಮಾಡಿ. ಆ ಕರೆಯ ದಾಖಲೆಯೂ ಮುಂದೆ ಉಪಯೋಗಕ್ಕೆ ಬರುತ್ತದೆ. ಇಲ್ಲದಿದ್ದರೆ ಲಿಖಿತ ದೂರಿನ ಎರಡು ಪ್ರತಿಗಳೊಂದಿಗೆ ಠಾಣೆಗೆ ಹೋಗಿ, ಒಂದರ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಘಟನೆ ಬೇರೆ ಠಾಣೆಯ ಸರಹದ್ದಿನಲ್ಲಿ ನಡೆದಿದೆ ಎಂಬ ಕಾರಣಕ್ಕೆ ಸಂಜ್ಞೇಯ ಅಪರಾಧದ ದೂರನ್ನು ತಿರಸ್ಕರಿಸುವಂತಿಲ್ಲ ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುತ್ತದೆ. ವಿದ್ಯುನ್ಮಾನ ಮಾರ್ಗದಲ್ಲಿ ಕಳುಹಿಸಿದರೆ 3 ದಿನಗಳೊಳಗೆ ಹೋಗಿ ಸಹಿ ಮಾಡಬೇಕು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು.

ದೂರಿನ ಭಾಷೆ ಹೀಗಿರಬಹುದು: 'ದಿನಾಂಕ ಇಂತಹುದರಂದು ರಾತ್ರಿ 10 ಗಂಟೆಗೆ ನನ್ನ ಹೆಸರಿನಲ್ಲಿ ನೋಂದಣಿಯಾಗಿರುವ ಈ ಸಂಖ್ಯೆಯ ಕಾರನ್ನು ನಮ್ಮ ಮನೆಯ ಕಾಂಪೌಂಡಿನೊಳಗೆ ನಿಲ್ಲಿಸಿದ್ದೆನು. ಮರುದಿನ ಬೆಳಿಗ್ಗೆ 6 ಗಂಟೆಗೆ ನೋಡಿದಾಗ ಎಡಗಡೆಯ ಎರಡು ಬಾಗಿಲುಗಳ ಮೇಲೆ ಗೀರುಗಳಿದ್ದು, ಹಿಂದಿನ ಗಾಜು ಒಡೆದಿತ್ತು. ದುರಸ್ತಿಗೆ ಇಷ್ಟು ರೂಪಾಯಿ ಆಗುವುದೆಂದು ಗ್ಯಾರೇಜಿನವರು ಎಸ್ಟಿಮೇಟ್ ನೀಡಿರುತ್ತಾರೆ. ನಮ್ಮ ನೆರೆಯವರಾದ ಇಂತಹವರು ವಾಹನ ನಿಲುಗಡೆಯ ವಿಷಯದಲ್ಲಿ ಹಿಂದೆ ಇಂತಹ ದಿನ ಬೆದರಿಕೆ ಹಾಕಿದ್ದು, ಅವರೇ ಈ ಕೃತ್ಯ ಎಸಗಿರಬಹುದೆಂದು ನನಗೆ ಬಲವಾದ ಅನುಮಾನವಿರುತ್ತದೆ.' ಕಣ್ಣಾರೆ ಕಂಡಿದ್ದರೆ 'ಕಂಡೆನು' ಎಂದೇ ಬರೆಯಿರಿ. ಕಾಣದಿದ್ದರೆ ಅನುಮಾನ ಎಂದಷ್ಟೇ ಬರೆಯಿರಿ. ನಿರಪರಾಧಿಯೆಂದು ತಿಳಿದೂ ಒಬ್ಬರ ಮೇಲೆ ಸುಳ್ಳು ಆರೋಪ ಹೊರಿಸುವುದು ತಾನೇ ಒಂದು ಅಪರಾಧ.

ಈ ಮಾದರಿಯಲ್ಲಿ 'ಕಾಂಪೌಂಡಿನೊಳಗೆ' ಎಂಬ ಪದ ಸುಮ್ಮನೆ ಬಂದಿಲ್ಲ. ಎದುರಾಳಿ ನಿಮ್ಮ ಆವರಣದೊಳಗೆ ನುಗ್ಗಿ ಕಾರಿಗೆ ಹಾನಿ ಮಾಡಿದ್ದರೆ ನ್ಯಾಯ ಸಂಹಿತೆಯ 329ನೇ ಕಲಮಿನ ಅತಿಕ್ರಮ ಪ್ರವೇಶವೂ ಆಗುತ್ತದೆ, ಅದು ಸಂಜ್ಞೇಯ ಅಪರಾಧ. ಒಂದು ಪ್ರಕರಣದ ಹಲವು ಅಪರಾಧಗಳಲ್ಲಿ ಒಂದಾದರೂ ಸಂಜ್ಞೇಯವಾಗಿದ್ದರೆ ಇಡೀ ಪ್ರಕರಣವನ್ನು ಸಂಜ್ಞೇಯವೆಂದೇ ಪರಿಗಣಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 174ನೇ ಕಲಂ ಹೇಳುತ್ತದೆ. ನಷ್ಟ 30,000 ರೂಪಾಯಿ ಮಾತ್ರ ಎಂದು ನಿಮ್ಮನ್ನು ವಾಪಸು ಕಳುಹಿಸಲು ಹೊರಟ ಅಧಿಕಾರಿಗೆ ಈ ಅಂಶವನ್ನು ವಿನಯದಿಂದ ತೋರಿಸಬಹುದು. ಕಾರು ಸಾರ್ವಜನಿಕ ರಸ್ತೆಯಲ್ಲಿತ್ತು ಎಂದಾದರೆ ಈ ದಾರಿ ಇಲ್ಲ.

ಆಗ ಠಾಣೆಯಲ್ಲಿ ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಎಂದು ದಾಖಲಿಸಿ, ನ್ಯಾಯಾಲಯಕ್ಕೆ ಹೋಗುವಂತೆ ಹಿಂಬರಹ ಕೊಡುತ್ತಾರೆ. ಅದನ್ನು ಕಾಗದದ ತುಂಡೆಂದು ಎಸೆಯಬೇಡಿ. ಆ ಹಿಂಬರಹದೊಂದಿಗೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ ತನಿಖೆಗೆ ಆದೇಶ ಕೋರಬಹುದು. ಇಂತಹ ಅನುಮತಿಯನ್ನು ಮನಸ್ಸಿಟ್ಟು ಪರಿಶೀಲಿಸಿ, ಕಾರಣ ನೀಡಿ ಕೊಡಬೇಕೆಂದು ಕರ್ನಾಟಕ ಹೈಕೋರ್ಟ್ ಹಲವು ಬಾರಿ ಹೇಳಿದೆ, 'ಅನುಮತಿಸಲಾಗಿದೆ' ಎಂಬ ಒಂದೇ ಪದದ ಆದೇಶದ ಮೇಲೆ ನಿಂತ ಪ್ರಕರಣಗಳನ್ನು ರದ್ದುಪಡಿಸಿಯೂ ಇದೆ. ಹಾಗಾಗಿ ಅರ್ಜಿಯೊಂದಿಗೆ ಎಸ್ಟಿಮೇಟ್, ಚಿತ್ರಗಳು ಮತ್ತು ಬೆದರಿಕೆಯ ದಾಖಲೆಯನ್ನು ಲಗತ್ತಿಸಿ ಸಕಾರಣ ಆದೇಶ ಬರುವಂತೆ ನೋಡಿಕೊಳ್ಳುವುದು ನಿಮ್ಮ ಹಿತಕ್ಕೇ.

ನಷ್ಟ 1 ಲಕ್ಷ ದಾಟಿದ್ದರೂ ಎಫ್‌ಐಆರ್ ತಕ್ಷಣ ಆಗದಿರಬಹುದು. 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಪಡೆದು 14 ದಿನಗಳ ಪ್ರಾಥಮಿಕ ವಿಚಾರಣೆ ನಡೆಸಲು ಈಗ ಅವಕಾಶವಿದೆ. ಅದಕ್ಕೂ ಮೀರಿ ದಾಖಲಿಸದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ, ಕಮಿಷನರೇಟ್ ಇರುವ ನಗರಗಳಲ್ಲಿ ಡಿಸಿಪಿಗೆ, ಅಂಚೆಯ ಮೂಲಕ ದೂರು ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಆಮೇಲೂ ಫಲವಿಲ್ಲದಿದ್ದರೆ ಅಫಿಡವಿಟ್ಟಿನೊಂದಿಗೆ (ಪ್ರಮಾಣದ ಮೇಲಿನ ಲಿಖಿತ ಹೇಳಿಕೆ) ಮ್ಯಾಜಿಸ್ಟ್ರೇಟರಿಗೆ ಅದೇ ಸಂಹಿತೆಯ 175ನೇ ಕಲಮಿನಡಿ ಅರ್ಜಿ ಸಲ್ಲಿಸಬೇಕು. ಈ ಮೆಟ್ಟಿಲುಗಳನ್ನು ಹಾರಿ ನೇರವಾಗಿ ನ್ಯಾಯಾಲಯಕ್ಕೆ ಹೋದ ಅರ್ಜಿಗಳು ಬೀಳುವುದುಂಟು. ತನಿಖೆ ಆರಂಭವಾದ ಮೇಲೆ ಅದರ ಪ್ರಗತಿಯನ್ನು 90 ದಿನಗಳೊಳಗೆ ನಿಮಗೆ ತಿಳಿಸುವುದು ಪೊಲೀಸರ ಕರ್ತವ್ಯ.

ಇನ್ನೊಂದು ದಾರಿ ಖಾಸಗಿ ದೂರು, ಅಂದರೆ ಪೊಲೀಸರ ಮೂಲಕವಲ್ಲದೆ ನೀವೇ ಮ್ಯಾಜಿಸ್ಟ್ರೇಟರಿಗೆ ಕೊಡುವ ದೂರು. ಮ್ಯಾಜಿಸ್ಟ್ರೇಟರು ನಿಮ್ಮನ್ನು ಮತ್ತು ನಿಮ್ಮ ಸಾಕ್ಷಿಗಳನ್ನು ಪ್ರಮಾಣದ ಮೇಲೆ ವಿಚಾರಿಸುತ್ತಾರೆ. ನಾಗರಿಕ ಸುರಕ್ಷಾ ಸಂಹಿತೆಯ 223ನೇ ಕಲಮಿನ ಪ್ರಕಾರ ಆರೋಪಿಯ ಮಾತನ್ನು ಕೇಳದೆ ಸಂಜ್ಞಾನ ತೆಗೆದುಕೊಳ್ಳುವಂತಿಲ್ಲ, ಅಂದರೆ ಪ್ರಕರಣವನ್ನು ವಿಚಾರಣೆಗೆ ಸ್ವೀಕರಿಸುವಂತಿಲ್ಲ. ಕಾಲಮಿತಿಯನ್ನೂ ಗಮನಿಸಿ: 6 ತಿಂಗಳ ಶಿಕ್ಷೆಯ ವರ್ಗಕ್ಕೆ 1 ವರ್ಷ, 2 ವರ್ಷದ ವರ್ಗಕ್ಕೆ 3 ವರ್ಷ. ಸಂಬಂಧಿಕರು ರಾಜಿ ಮಾಡಿಸುತ್ತೇವೆಂದು ಎಳೆದಾಡುತ್ತಿರುವಾಗಲೇ ಮೊದಲನೆಯ ಅವಧಿ ಮುಗಿದುಹೋಗುವುದು ಅಪರೂಪವಲ್ಲ.

ಮಾಡಿದವರು ಯಾರು ಎಂಬುದರ ಮೇಲೆ

ನೆರೆಯವರ ಜಗಳ ಹೆಚ್ಚಾಗಿ ಮನೆಮುಂದಿನ ರಸ್ತೆಯ ಬಗ್ಗೆ ಇರುತ್ತದೆ. ಸಾರ್ವಜನಿಕ ರಸ್ತೆಯ ಅಂಚು ಆ ಮನೆಯವರ ಸ್ವತ್ತಲ್ಲ. ನೀವು ಅವರ ಗೇಟಿಗೆ ಅಡ್ಡವಾಗಿ ನಿಲ್ಲಿಸಿದ್ದರೆ ಅವರು ಸಂಚಾರ ಪೊಲೀಸರನ್ನು ಕರೆಯಬಹುದಿತ್ತು, ಕಾರಿಗೆ ಹಾನಿ ಮಾಡುವ ಹಕ್ಕು ಅದರಿಂದ ಹುಟ್ಟುವುದಿಲ್ಲ. ಹಾಗೆಂದು ಒಮ್ಮೆ ಗಾಳಿ ತೆಗೆದದ್ದಕ್ಕೆ ಪ್ರಕರಣ ಹೂಡಲು ಹೊರಡುವುದೂ ವಿವೇಕವಲ್ಲ. ಸಾಮಾನ್ಯ ಮನುಷ್ಯ ದೂರಲಾರದಷ್ಟು ಅಲ್ಪ ಹಾನಿಯನ್ನು ಅಪರಾಧವೆಂದು ಕಾನೂನು ಎಣಿಸುವುದಿಲ್ಲ. ಅದೇ ಕೃತ್ಯ ವಾರಕ್ಕೊಮ್ಮೆ ನಡೆಯುತ್ತಿದ್ದು, ದಿನಾಂಕ ಸಹಿತ ನೀವು ಬರೆದಿಟ್ಟಿದ್ದರೆ ಅದರ ಸ್ವರೂಪವೇ ಬೇರೆ.

ಗಂಡ, ಹೆಂಡತಿ ಅಥವಾ ಅಣ್ಣತಮ್ಮಂದಿರ ನಡುವೆ 'ಕಾರಿಗೆ ದುಡ್ಡು ಕೊಟ್ಟವನು ನಾನೇ' ಎಂಬ ವಾದ ಬರುತ್ತದೆ. 324ನೇ ಕಲಮಿನ ವಿವರಣೆಯ ಪ್ರಕಾರ, ಮಾಡಿದವನು ಮತ್ತು ಇತರರು ಜಂಟಿಯಾಗಿ ಹೊಂದಿರುವ ಸ್ವತ್ತಿಗೂ ಕೇಡು ಎಸಗಬಹುದು, ಆದುದರಿಂದ ಅದು ತಾನಾಗಿಯೇ ರಕ್ಷಣೆಯಾಗುವುದಿಲ್ಲ. ಗಂಡ ಅಥವಾ ಜೊತೆಯಲ್ಲಿ ಬಾಳಿದ ಸಂಗಾತಿಯಿಂದ ತೊಂದರೆಗೊಳಗಾದ ಮಹಿಳೆಗೆ 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ಇದಕ್ಕಿಂತ ಹತ್ತಿರದ ದಾರಿ ಎಂದು ನಾನು ಭಾವಿಸುತ್ತೇನೆ. ಅದರ 20ನೇ ಕಲಮಿನಡಿ ಸ್ವತ್ತಿನ ನಾಶ ಅಥವಾ ಹಾನಿಯ ನಷ್ಟವನ್ನು ಕೊಡಿಸಬಹುದು. 18ನೇ ಕಲಮಿನಡಿ ರಕ್ಷಣಾ ಆದೇಶ ಪಡೆಯಬಹುದು, ಅದನ್ನು ಮುರಿದರೆ 1 ವರ್ಷದವರೆಗೆ ಸೆರೆವಾಸ ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಸಂರಕ್ಷಣಾಧಿಕಾರಿಯ ಮೂಲಕ ಅಥವಾ ನೇರವಾಗಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು. 181 ಮಹಿಳಾ ಸಹಾಯವಾಣಿಯಿಂದಲೂ ಮಾರ್ಗದರ್ಶನ ಸಿಗುತ್ತದೆ.

ಸಹೋದ್ಯೋಗಿಯಾದರೆ ಕಚೇರಿಯ ಆಡಳಿತಕ್ಕೆ ಅದೇ ದಿನ ಇಮೇಲ್ ಕೂಡ ಕಳುಹಿಸಿ.

ಮಾಡಿದವರು ಮಕ್ಕಳಾಗಿದ್ದರೆ ಠಾಣೆಯ ದಾರಿಯನ್ನು ಬಹುಮಟ್ಟಿಗೆ ಮರೆತುಬಿಡಿ. 7 ವರ್ಷದೊಳಗಿನ ಮಗುವಿನ ಕೃತ್ಯ ಅಪರಾಧವೇ ಅಲ್ಲ. 18ರೊಳಗಿನವರ ವಿಷಯ ಬಾಲನ್ಯಾಯ ಮಂಡಳಿಗೆ ಸೇರಿದ್ದು, ಇಂತಹ ಅಪರಾಧಗಳಲ್ಲಿ ಸಾಮಾನ್ಯವಾಗಿ ಎಫ್‌ಐಆರ್ ಆಗುವುದಿಲ್ಲ. ತಂದೆತಾಯಿ ಎಂಬ ಒಂದೇ ಕಾರಣಕ್ಕೆ ಅವರನ್ನು ನಷ್ಟಕ್ಕೆ ಹೊಣೆ ಮಾಡುವ ಸಾಮಾನ್ಯ ನಿಯಮವೂ ನಮ್ಮಲ್ಲಿಲ್ಲ. ಬಹುತೇಕ ತಂದೆತಾಯಿಯರು ಎಸ್ಟಿಮೇಟ್ ನೋಡಿ ತಾವಾಗಿಯೇ ಕೊಡುತ್ತಾರೆ, ಕೇಳುವ ರೀತಿಯಲ್ಲಿ ಕೇಳಬೇಕು.

ಹಿಮ್ಮುಖವಾಗಿ ಬರುವಾಗ ಅಜಾಗರೂಕತೆಯಿಂದ ಡಿಕ್ಕಿ ಹೊಡೆದಿದ್ದರೆ ಅದು ಕೇಡಲ್ಲ, ಉದ್ದೇಶವೇ ಇಲ್ಲ. ಅವರ ವಾಹನದ ಥರ್ಡ್ ಪಾರ್ಟಿ ವಿಮೆಯಿಂದ ಪರಿಹಾರ ಕೇಳುವುದು ಅಲ್ಲಿನ ದಾರಿ.

ಹಣ ವಸೂಲು ಮಾಡುವ ದಾರಿಗಳು

ಪರಿಚಿತರ ನಡುವೆ ಹೆಚ್ಚು ಪ್ರಕರಣಗಳು ಮುಗಿಯುವುದು ಮಾತುಕತೆಯಲ್ಲಿ. 1 ಲಕ್ಷದೊಳಗಿನ ಖಾಸಗಿ ನಷ್ಟದ ಕೇಡನ್ನು ನಷ್ಟಕ್ಕೊಳಗಾದವರೇ ರಾಜಿ ಮಾಡಿಕೊಳ್ಳಲು ಕಾನೂನು ಬಿಡುತ್ತದೆ. ಬೆಂಕಿ ಹಚ್ಚಿದ ಪ್ರಕರಣಕ್ಕೆ ಅದು ಅನ್ವಯಿಸುವುದಿಲ್ಲ. ರಾಜಿಯಾಗದ ಅಪರಾಧದಲ್ಲಿ ಹಣ ಪಡೆದು ಕೇಸು ಮುಚ್ಚಿಹಾಕುತ್ತೇನೆ ಎಂಬ ಒಪ್ಪಂದ ಊರ್ಜಿತವೂ ಅಲ್ಲ, ಅಪಾಯಕಾರಿಯೂ ಹೌದು. ರಾಜಿಯನ್ನು ಬರವಣಿಗೆಯಲ್ಲಿ ಮಾಡಿ: ಮೊತ್ತ, ಕಂತುಗಳ ದಿನಾಂಕ, ಮುಂದೆ ವಾಹನಕ್ಕೆ ಹಾನಿ ಮಾಡುವುದಿಲ್ಲವೆಂಬ ಭರವಸೆ, ಇಬ್ಬರು ಸಾಕ್ಷಿಗಳ ಸಹಿ. ಕಂತುಗಳಿದ್ದರೆ ಚೆಕ್‌ಗಳನ್ನು ಪಡೆಯಿರಿ. ಚೆಕ್ ಅಮಾನ್ಯವಾದರೆ ಬ್ಯಾಂಕಿನ ಮಾಹಿತಿ ಬಂದ 30 ದಿನಗಳೊಳಗೆ ನೋಟಿಸ್ ಕೊಟ್ಟು, ಅದು ತಲುಪಿದ 15 ದಿನಗಳಲ್ಲಿ ಹಣ ಬಾರದಿದ್ದರೆ ಪ್ರತ್ಯೇಕ ಪ್ರಕರಣ ಹೂಡಬಹುದು. ಠಾಣೆಯ ಬೆಂಚಿನ ಮೇಲೆ ಬಾಯಿಮಾತಿನಲ್ಲಿ ಆದ ರಾಜಿಗೆ ಈ ಬಲವಿಲ್ಲ.

ಮಾತುಕತೆಗೆ ಒಬ್ಬ ಮಧ್ಯಸ್ಥರು ಬೇಕೆಂದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ವ್ಯಾಜ್ಯಪೂರ್ವ ಅರ್ಜಿ ಸಲ್ಲಿಸಬಹುದು. ಕೋರ್ಟ್ ಶುಲ್ಕವಿಲ್ಲ. ಲೋಕ ಅದಾಲತ್‌ನಲ್ಲಿ ಇಬ್ಬರೂ ಒಪ್ಪಿ ಆದ ತೀರ್ಪಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯಷ್ಟೇ ಬೆಲೆಯಿದೆ, ಅದರ ಮೇಲೆ ಅಪೀಲು ಇಲ್ಲ. ಎದುರಾಳಿ ಒಪ್ಪದಿದ್ದರೆ ಒತ್ತಾಯಿಸಲಾಗದು ಎಂಬುದೇ ಇದರ ಮಿತಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಮುಂತಾದವರಿಗೆ ಉಚಿತ ವಕೀಲರ ನೆರವೂ ಅಲ್ಲಿಯೇ ಸಿಗುತ್ತದೆ. 15100ಕ್ಕೆ ಕರೆ ಮಾಡಿ ವಿಚಾರಿಸಬಹುದು.

ಅದೂ ಆಗದಿದ್ದರೆ ವಕೀಲರ ನೋಟಿಸ್, ಬಳಿಕ ಸಿವಿಲ್ ದಾವೆ. ಚರಸ್ವತ್ತಿಗೆ ಆದ ಹಾನಿಯ ಪರಿಹಾರಕ್ಕೆ ಹಾನಿಯಾದ ದಿನದಿಂದ 3 ವರ್ಷ ಕಾಲಾವಕಾಶವಿದೆ. ಕೃತ್ಯ ನಡೆದ ಸ್ಥಳದಲ್ಲಾಗಲಿ ಪ್ರತಿವಾದಿ ವಾಸಿಸುವ ಸ್ಥಳದಲ್ಲಾಗಲಿ ಹೂಡಬಹುದು. ಇಲ್ಲಿ ಸಂಶಯಾತೀತ ಪುರಾವೆ ಬೇಕಿಲ್ಲ, ಸಂಭವನೀಯತೆ ಯಾವ ಕಡೆ ಹೆಚ್ಚು ಎಂದು ನೋಡುತ್ತಾರೆ. ಆದುದರಿಂದ ಕ್ರಿಮಿನಲ್ ಪ್ರಕರಣದಲ್ಲಿ ಸಾಲದ ಸಾಕ್ಷ್ಯ ಇಲ್ಲಿ ಸಾಕಾಗಬಹುದು. ಹಾಗಿದ್ದರೂ 20,000 ರೂಪಾಯಿಯ ಗೀರಿಗೆ ದಾವೆ ಹೂಡಿದರೆ ವಕೀಲರ ಶುಲ್ಕ ಮತ್ತು ಕಳೆದುಹೋಗುವ ಕೆಲಸದ ದಿನಗಳೇ ಆ ಮೊತ್ತವನ್ನು ನುಂಗುತ್ತವೆ. ಗಾಜು, ಬಾನೆಟ್, ಬಾಗಿಲುಗಳೆಲ್ಲ ಹಾಳಾಗಿ ವಿಮೆಯೂ ಇಲ್ಲದಿದ್ದಾಗ ಮಾತ್ರ ಇದು ಲೆಕ್ಕಕ್ಕೆ ಹೊಂದುತ್ತದೆ. ಕ್ರಿಮಿನಲ್ ನ್ಯಾಯಾಲಯವೂ ಶಿಕ್ಷೆ ವಿಧಿಸುವಾಗ ನಾಗರಿಕ ಸುರಕ್ಷಾ ಸಂಹಿತೆಯ 395ನೇ ಕಲಮಿನಡಿ ಪರಿಹಾರ ಕೊಡಿಸಬಹುದು. ಮೊದಲ ಬಾರಿ ತಪ್ಪು ಮಾಡಿದವರನ್ನು ಪ್ರೊಬೇಷನ್ ಮೇಲೆ ಬಿಡುವಾಗಲೂ ಪರಿಹಾರ ಕೊಡಿಸುವ ಅಧಿಕಾರವಿದೆ. ಅದನ್ನು ಕೇಳಲು ಸರ್ಕಾರಿ ಅಭಿಯೋಜಕರಿಗೆ ಬಿಲ್ಲುಗಳ ಪ್ರತಿಯನ್ನು ಮೊದಲೇ ಕೊಟ್ಟಿರಬೇಕು.

ಮತ್ತೆ ಆಗದಂತೆ ತಡೆಯುವುದು

ಹಣಕ್ಕಿಂತ ನೆಮ್ಮದಿ ಮುಖ್ಯವಾದವರು ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಮನ್ನು ನೆನಪಿಡಬೇಕು. ಶಾಂತಿಭಂಗದ ಸಂಭವವಿದೆ ಎಂದು ಕಂಡರೆ, ಆ ವ್ಯಕ್ತಿಗೆ ನೋಟಿಸ್ ಕೊಟ್ಟು ವಿಚಾರಿಸಿ, ಒಂದು ವರ್ಷದವರೆಗೆ ಶಾಂತಿ ಕಾಪಾಡುವ ಮುಚ್ಚಳಿಕೆಯನ್ನು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಬರೆಸಿಕೊಳ್ಳಬಹುದು. ತಾಲ್ಲೂಕುಗಳಲ್ಲಿ ತಹಶೀಲ್ದಾರರು, ಕಮಿಷನರೇಟ್ ನಗರಗಳಲ್ಲಿ ಹಿರಿಯ ಪೊಲೀಸ್ ಅಧಿಕಾರಿಗಳು ಈ ಅಧಿಕಾರ ಚಲಾಯಿಸುತ್ತಾರೆ. ಠಾಣೆಯಲ್ಲಿ ಬಿಳಿ ಹಾಳೆಯ ಮೇಲೆ ಬರೆಸುವ ಮುಚ್ಚಳಿಕೆ ಬೇರೆ, ಇದು ಬೇರೆ. ಇದನ್ನು ಮುರಿದರೆ ಬಾಂಡಿನ ಮೊತ್ತ ಜಪ್ತಿಯಾಗುವ ಭಯವಿದೆ. ಆಸ್ತಿ ವಿವಾದವೇ ಮೂಲವಾಗಿದ್ದು ನ್ಯಾಯಾಲಯದಲ್ಲಿ ದಾವೆ ಈಗಾಗಲೇ ನಡೆಯುತ್ತಿದ್ದರೆ, ಅದರಲ್ಲಿಯೇ ನಿರ್ಬಂಧಕಾಜ್ಞೆಗೆ ಮಧ್ಯಂತರ ಅರ್ಜಿ ಸಲ್ಲಿಸುವ ಬಗ್ಗೆ ವಕೀಲರನ್ನು ಕೇಳಿ.

ಈ ಅವಧಿಯಲ್ಲಿ ನಿಮ್ಮ ನಡವಳಿಕೆಯೂ ದಾಖಲೆಯಾಗುತ್ತಿರುತ್ತದೆ. ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ 'ಈ ಕಳ್ಳನೇ ಮಾಡಿದ್ದು' ಎಂದು ಫೋಟೊ ಹಾಕಿದರೆ ಮಾನಹಾನಿಯ ಪ್ರತಿದೂರು ಬರಬಹುದು. ಸಿಟ್ಟಿಗೆ ಅವರ ಸ್ಕೂಟರಿನ ಸೀಟು ಹರಿದರೆ ಎರಡೂ ಕಡೆಯ ದೂರುಗಳು ಒಂದರ ಹಿಂದೊಂದು ದಾಖಲಾಗಿ, ಇಬ್ಬರನ್ನೂ ಕೂರಿಸಿ ಬುದ್ಧಿ ಹೇಳಿ ಕಳುಹಿಸಲು ಠಾಣೆಗೆ ಸುಲಭವಾಗುತ್ತದೆ. ಕಾರನ್ನು ಕ್ಯಾಮೆರಾ ಕಾಣುವ ಜಾಗದಲ್ಲಿ ನಿಲ್ಲಿಸಿ. ಪಾರ್ಕಿಂಗ್‌ನಲ್ಲಿಯೂ ಚಿತ್ರೀಕರಿಸುವ ಡ್ಯಾಶ್‌ಕ್ಯಾಮ್ ಹಾಕಿಸಿದರೆ ಅದು ನೆರೆಯವರ ಕಿಟಕಿಯತ್ತ ತಿರುಗಿರದಂತೆ ನೋಡಿಕೊಳ್ಳಿ.